ನಾರು ಹುಣ್ಣಿನ ಭಾವಿಯ ಹೂಳು ತೆಗೆಯಬಹುದಾ?

ಕುಷ್ಟಗಿ_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕು. ಊರ ಹೊರಗೆ ಒಂದು ಹಳೇ ಪಾವಟಿಗೆ ಭಾವಿ ಇದೆ. ಕಲ್ಲಿನ ಮೆಟ್ಟಿಲು, ಇಳಿಯೋಕೆ ಎರಡು ಕಡೆ ದಾರಿ, ಗೋಡೆಯಲ್ಲಿ ಒಂದು ಸಣ್ಣ ಗೂಡು. ಅದರಲ್ಲಿ ದೀಪ ಇಡುತ್ತಿದ್ದರಂತೆ. ನಾನು ಹುಟ್ಟಿದಾಗಿನಿಂದ ಆ ಭಾವಿಯಲ್ಲಿ ನೋಡಿದ್ದು ಜಾಲಿಮುಳ್ಳು ಮತ್ತು ಪ್ಲಾಸ್ಟಿಕ್ ಮಾತ್ರ. ಈ ಸಲ ಗ್ರಾಮಸಭೆಯಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಅದರ ಹೂಳು ತೆಗೆಯೋಣ ಅಂತ ಮಾತು ಬಂತು. ನಾನೂ ನಮ್ಮ ಓಣಿ ಹುಡುಗರೂ ಖುಷಿಯಿಂದ ಕೈ ಎತ್ತಿದೆವು.

ಮನೆಗೆ ಬಂದು ಹೇಳಿದರೆ ನಮ್ಮಜ್ಜಿ ಊಟ ಬಿಟ್ಟು ಎದ್ದಳು. "ಆ ಭಾವಿ ಬಾಯಿ ಮತ್ತ ತಗೀಬ್ಯಾಡ್ರಪ್ಪಾ. ಅದು ನಾರಿನ ಭಾವಿ. ನಿಮಗೇನು ಗೊತ್ತೈತಿ?" ಅಂದಳು. ಆಮೇಲೆ ಸೀರೆ ಸ್ವಲ್ಪ ಮೇಲೆತ್ತಿ ಕಾಲು ತೋರಿಸಿದಳು. ಕಾಲಿನ ಗಿಣ್ಣಿನ ಪಕ್ಕ ಎಂಟಾಣೆ ಅಗಲದ ಒಂದು ಕಲೆ. ಅಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತದೆ. ಅದೇ ಕಾಲಿನ ಮೀನಖಂಡದಲ್ಲಿ ಇನ್ನೊಂದು. ಇಪ್ಪತ್ತಾರು ವರ್ಷ ಅದೇ ಮನೆಯಲ್ಲಿ ಬೆಳೆದಿದ್ದೇನೆ, ಹಬ್ಬಹಬ್ಬಕ್ಕೂ ಆ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೇನೆ, ಆದರೂ ಆ ಕಲೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಜ್ಜಿ ಹೇಳೋದು ಇಷ್ಟು. ಆ ಭಾವಿ ನೀರು ಕುಡಿದವರಿಗೆ ವರ್ಷದ ಮೇಲೆ ಕಾಲಲ್ಲಿ ಬೊಬ್ಬೆ ಏಳುತ್ತಿತ್ತು, ಬೊಬ್ಬೆ ಒಡೆದರೆ ಒಳಗಿನಿಂದ ಬಿಳೀ ದಾರದ ಹಾಗೆ ಹುಳ ಹೊರಗೆ ಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುತ್ತಿದ್ದರು. ಅವಳಿಗೆ ಎರಡು ಸಲ ಆಗಿತ್ತಂತೆ. ಅವಳ ತಮ್ಮನಿಗೆ ಮೊಣಕಾಲಲ್ಲಿ ಆಗಿ ಹುಳ ಒಳಗೇ ಹರಿದು, ಆ ಕಾಲು ಸಾಯೋ ತನಕ ಪೂರ್ತಿ ಮಡಚಲಿಲ್ಲವಂತೆ.

ನನ್ನ ಪ್ರಶ್ನೆ. ಇದು ನಿಜಕ್ಕೂ ಹೋಗಿದೆಯಾ? ಇಷ್ಟು ವರ್ಷ ಮುಚ್ಚಿಹೋಗಿದ್ದ ಭಾವಿಯ ಹೂಳಲ್ಲಿ ಅದರ ಮೊಟ್ಟೆಗಿಟ್ಟೆ ಉಳಿದಿರುತ್ತಾ? ಹೂಳು ತೆಗೆಯೋಕೆ ಇಳಿಯೋರು ನಮ್ಮೂರ ಹೆಣ್ಣುಮಕ್ಕಳೇ ಜಾಸ್ತಿ. ಅಜ್ಜಿಯ ಮಾತು ಕೇಳಿ ಇಬ್ಬರು ಈಗಾಗಲೇ ಹಿಂದೆ ಸರಿದಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

---

ಲಿಂಗಸೂರು_ಹಳೇ_ಹೆಲ್ತ್‌ನವ:

ತಮ್ಮಾ, ನಿಮ್ಮಜ್ಜಿಗೆ ನನ್ನ ನಮಸ್ಕಾರ ಹೇಳು. ಅವರು ಹೇಳಿದ ಒಂದೊಂದು ಮಾತೂ ಖರೆ. ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ್ದು 1984ರಲ್ಲಿ. ಆಗ ಕೊಪ್ಪಳ ಬೇರೆ ಜಿಲ್ಲೆ ಆಗಿರಲಿಲ್ಲ, 1997ರ ತನಕ ಎಲ್ಲಾ ರಾಯಚೂರೇ. ಕೆಲಸಕ್ಕೆ ಸೇರಿದ ಮೊದಲನೇ ಬೇಸಿಗೆಯಲ್ಲಿ ನನ್ನ ಕೈಗೆ ಕೊಟ್ಟಿದ್ದು ಒಂದು ರಿಜಿಸ್ಟರ್, ಒಂದು ಚೀಲ ಬ್ಯಾಂಡೇಜ್ ಬಟ್ಟೆ ಮತ್ತು ನಾರು ಹುಳ ಹೊರಬರುತ್ತಿರೋ ಕಾಲಿನ ಒಂದು ಫೋಟೋ. ಮನೆಮನೆಗೆ ಹೋಗಿ ಆ ಫೋಟೋ ತೋರಿಸಿ, "ನಿಮ್ಮ ಮನೆಯಲ್ಲಿ ಯಾರಿಗಾದರೂ ಇದು ಎದ್ದಿದೆಯಾ" ಅಂತ ಕೇಳೋದು. ಅದೇ ಕೆಲಸ. ಎಷ್ಟೋ ಮನೆಯಲ್ಲಿ ಫೋಟೋ ನೋಡಿ ನಗುತ್ತಿದ್ದರು. ಫೋಟೋ ಯಾಕ್ರೀ, ಒಳಗೆ ಬರ್ರಿ, ಖರೇದ್ದನ್ನೇ ತೋರಿಸ್ತೀವಿ ಅನ್ನುತ್ತಿದ್ದರು.

ಮೊದಲು ಒಂದು ವಿಷಯ. ಈ ರೋಗಕ್ಕೆ ಆಗಲೂ ಔಷಧ ಇರಲಿಲ್ಲ, ಈಗಲೂ ಇಲ್ಲ. ಲಸಿಕೆಯೂ ಇಲ್ಲ. ಒಂದು ಸಲ ಬಂದರೆ ಮತ್ತೆ ಬರಲ್ಲ ಅನ್ನೋ ಹಾಗೂ ಇಲ್ಲ, ನಿಮ್ಮಜ್ಜಿಗೆ ಎರಡು ಸಲ ಆಗಿದ್ದು ಅದಕ್ಕೇ. ಆದರೂ ಇದನ್ನು ನಮ್ಮ ದೇಶದಿಂದ ಓಡಿಸಿದೆವು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಕೇಂದ್ರ ಸರ್ಕಾರ ಇದಕ್ಕೆ ಅಂತಲೇ ಕಾರ್ಯಕ್ರಮ ಶುರು ಮಾಡಿದ್ದು 1983-84ರಲ್ಲಿ. 1984ರಲ್ಲಿ ಎಣಿಸಿದಾಗ ದೇಶದಲ್ಲಿ ಸುಮಾರು 40 ಸಾವಿರ ಜನರಿಗೆ ನಾರು ಎದ್ದಿತ್ತು. 7 ರಾಜ್ಯ, 89 ಜಿಲ್ಲೆ, ಹನ್ನೆರಡು ಸಾವಿರಕ್ಕೂ ಹೆಚ್ಚು ಹಳ್ಳಿ. ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರ, ತಮಿಳುನಾಡು, ಆಮೇಲೆ ನಮ್ಮ ಕರ್ನಾಟಕ. ನಮ್ಮಲ್ಲಿ ಅಂದರೆ ಈ ಉತ್ತರದ ಒಣ ಭಾಗ. ನೀರಿಗೆ ಒಂದೇ ಭಾವಿ, ಒಂದೇ ಹೊಂಡ ಇರೋ ಕಡೆಯೇ ಇದರ ಸಂಸಾರ.

ಇದು ಹರಡೋದು ಹೇಗೆ ಗೊತ್ತಾ? ನಾರು ಎದ್ದ ಕಾಲು ಉರಿಯುತ್ತದೆ, ಬೆಂಕಿ ಇಟ್ಟ ಹಾಗೆ. ಉರಿ ತಡೆಯಲಾರದೆ ಮನುಷ್ಯ ಕಾಲನ್ನು ತಣ್ಣೀರಲ್ಲಿ ಇಡುತ್ತಾನೆ. ಪಾವಟಿಗೆ ಭಾವಿಯಲ್ಲಿ ಕೊಡ ತುಂಬೋಕೆ ಹೇಗೂ ಕೊನೇ ಮೆಟ್ಟಿಲಿಗೆ ಇಳಿದು ನೀರಲ್ಲೇ ನಿಲ್ಲಬೇಕು. ಕಾಲು ನೀರಿಗೆ ತಾಗಿದ ಕೂಡಲೇ ಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ, ಹಾಲಿನ ಹನಿ ಬಿದ್ದ ಹಾಗೆ ಬೆಳ್ಳಗೆ. ಲಕ್ಷಗಟ್ಟಲೆ. ಅದೇ ನೀರನ್ನು ಪಕ್ಕದಲ್ಲಿ ನಿಂತವಳು ಕೊಡಕ್ಕೆ ತುಂಬಿಕೊಂಡು ಮನೆಗೆ ಒಯ್ಯುತ್ತಾಳೆ. ಒಂದು ವರ್ಷ ಕಳೆದ ಮೇಲೆ ಆ ಮನೆಯಲ್ಲಿ ಹುಳ ಏಳುತ್ತದೆ. ಬೇಸಿಗೆಯಲ್ಲಿ ನೀರು ತಳಕ್ಕೆ ಇಳಿದಾಗ ಇದು ಜಾಸ್ತಿ. ಮುಂಗಾರು ಬಿತ್ತನೆಗೆ ಕೂರಿಗೆ ಹಿಡಿಯಬೇಕಾದ ಹೊತ್ತಲ್ಲಿ ಮನೆಯ ಗಂಡಸು ಹೊರಸಿನ ಮೇಲೆ. ಒಂದೇ ಮನೆಯಲ್ಲಿ ಮೂವರು ಮಲಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಲ ಹಾಗೇ ಬೀಳು ಬಿದ್ದಿತ್ತು.

ನಾವು ಮಾಡಿದ್ದು ಮೂರು ನಾಲ್ಕು ಕೆಲಸ. ಹುಳ ಎದ್ದವರನ್ನು ಹುಡುಕಿ, ಗಾಯ ತೊಳೆದು ಕಟ್ಟಿ, ವಾಸಿ ಆಗೋ ತನಕ ಭಾವಿಗೆ ಇಳಿಯಬೇಡಿ ಅಂತ ಕೈ ಮುಗಿದು ಹೇಳೋದು. ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ತೋರಿಸಿ ಕೊಡೋದು. ನಾರಿನ ಮರಿಯನ್ನು ಹೊರೋ ನೀರಿನ ಸಣ್ಣ ಜೀವಿ ಸಾಯಲಿ ಅಂತ ಭಾವಿಗೆ ಟೆಮಿಫಾಸ್ ಅನ್ನೋ ದ್ರಾವಣ ಅಳತೆ ನೋಡಿ ಹಾಕೋದು. ಇವತ್ತು ಡೆಂಗೀ ಕಾಲದಲ್ಲಿ ತೊಟ್ಟಿಗಳಿಗೆ ಹಾಕುತ್ತಾರಲ್ಲ, ಅದೇ. ಆಮೇಲೆ ಪಾವಟಿಗೆ ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ರಾಟೆ ಹಾಕೋದು.

ಈ ಕೊನೇ ಕೆಲಸಕ್ಕೆ ಸಿಕ್ಕ ಬೈಗುಳ ಇವತ್ತಿಗೂ ನೆನಪಿದೆ. ಒಂದು ಊರಲ್ಲಿ ಒಬ್ಬ ಮುದುಕಿ ಭಾವಿಗೆ ಅಡ್ಡ ಕೂತುಬಿಟ್ಟಳು. "ಗಂಗಮ್ಮನ ಬಾಯಿಗೆ ಇಸ ಹಾಕ್ತೀರೇನೋ" ಅಂದಳು. ಅವಳ ಮಾತಲ್ಲಿ ತಪ್ಪೇನಿದೆ? ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಆ ಗಂಗೆಗೆ ಅರಿಶಿನ ಕುಂಕುಮ ಹಾಕಿದವರು. ನಾನು ಆ ದ್ರಾವಣ ಹಾಕಿದ ನೀರನ್ನು ಅವಳ ತಂಬಿಗೆಯಲ್ಲೇ ತೆಗೆದು ಅವಳ ಎದುರಿಗೇ ಕುಡಿದೆ. ಅವತ್ತು ಬಿಡಲಿಲ್ಲ. ಎರಡನೇ ದಿನ ಹೋದೆ. ನಾನು ಬದುಕಿದ್ದು ನೋಡಿ ದಾರಿ ಬಿಟ್ಟಳು.

ಹುಳ ತೆಗೆಯೋದೂ ಒಂದು ತಾಳ್ಮೆಯ ಕೆಲಸ. ಹುಳ ಎರಡರಿಂದ ಮೂರು ಅಡಿ ಉದ್ದ ಇರುತ್ತದೆ. ಬೆಂಕಿಕಡ್ಡಿಗೆ ತುದಿ ಸುತ್ತಿ ದಿನಕ್ಕೆ ಒಂದೆರಡು ಇಂಚು ಮಾತ್ರ ಎಳೀಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಒಳಗೆ ಕೀವಾಗಿ ಕಾಲು ಕಂಬದ ಹಾಗೆ ಊದುತ್ತದೆ, ಕೀಲಿನ ಹತ್ತಿರ ಆದರೆ ಕೀಲೇ ಹಿಡಿದುಕೊಳ್ಳುತ್ತದೆ. ನಿಮ್ಮಜ್ಜಿಯ ತಮ್ಮನಿಗೆ ಆಗಿದ್ದು ಅದೇ ಅಂತ ಕಾಣುತ್ತೆ.

ದೇಶದ ಕೊನೇ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆಮೇಲೂ ನಾವು ಹುಡುಕೋದು ಬಿಡಲಿಲ್ಲ. ನಾರು ಎದ್ದವರ ಸುದ್ದಿ ಕೊಟ್ಟರೆ ಬಹುಮಾನ ಅಂತ ಗೋಡೆಗೋಡೆಗೂ ಬರೆಸಿದ್ದರು. ಸುದ್ದಿ ಬಂದಲ್ಲೆಲ್ಲ ಓಡಿದ್ದೇ. ಹೋಗಿ ನೋಡಿದರೆ ಬರೀ ಕುರು, ಇಲ್ಲ ಮುಳ್ಳು ಚುಚ್ಚಿ ಕೀವಾಗಿರೋದು. 2000ನೇ ಇಸವಿ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರು ಹುಣ್ಣಿನಿಂದ ಮುಕ್ತ ಅಂತ ಘೋಷಿಸಿತು.

ಹೂಳು ತೆಗೀರಿ. ಹೆದರಬೇಡಿ. ಹೂಳಲ್ಲಿ ಯಾಕೆ ಉಳಿದಿರಲ್ಲ ಅನ್ನೋದನ್ನು ಇಲ್ಲಿ ಲ್ಯಾಬ್‌ನವರು ಯಾರಾದರೂ ಇದ್ದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ.

---

ಬಳ್ಳಾರಿ_ಸೂಕ್ಷ್ಮದರ್ಶಕ:

ಹಿರಿಯರು ಕರೆದ ಮೇಲೆ ಬರಲೇಬೇಕಲ್ವಾ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ನೀರಿನ ಪರೀಕ್ಷೆಯೂ ಮಾಡುತ್ತೇವೆ.

ಈ ಹುಳದ ಬದುಕಿಗೆ ಎರಡು ಮನೆ ಬೇಕು. ಒಂದು ನಾವು. ಇನ್ನೊಂದು ನೀರಲ್ಲಿರೋ ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿ. ಕೆರೆ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದು ನೋಡಿ. ರವೆ ಕಾಳಿಗಿಂತ ಸಣ್ಣ ಬಿಳೀ ಚುಕ್ಕಿ ಚಕ್ ಚಕ್ ಅಂತ ಎಗರೆಗರಿ ಈಜುತ್ತಿದ್ದರೆ ಅದು ಸೈಕ್ಲಾಪ್ಸ್ ಇರಬಹುದು. ಅದಕ್ಕೆ ತಲೆಯ ನಡುವೆ ಒಂದೇ ಕಣ್ಣು. ಹುಳದ ಮರಿ ನೀರಿಗೆ ಬಿದ್ದ ಮೇಲೆ ಕೆಲವೇ ದಿನ ಬದುಕುತ್ತದೆ. ಅಷ್ಟರೊಳಗೆ ಸೈಕ್ಲಾಪ್ಸ್ ಅದನ್ನು ತಿನ್ನಬೇಕು. ತಿಂದ ಮೇಲೆ ಅದರ ಹೊಟ್ಟೆಯಲ್ಲಿ ಸುಮಾರು ಎರಡು ವಾರ ಬಲಿಯಬೇಕು. ಆ ಸೈಕ್ಲಾಪ್ಸನ್ನು ಮನುಷ್ಯ ನೀರಿನ ಜೊತೆ ನುಂಗಬೇಕು. ನಮ್ಮ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಕರುಳಿನ ಗೋಡೆ ದಾಟಿ ಮೈಯೊಳಗೆ ಹೋಗುತ್ತದೆ. ಒಳಗೆ ಗಂಡು ಹೆಣ್ಣು ಕೂಡಿ, ಗಂಡು ಸತ್ತು, ಹೆಣ್ಣು ಬೆಳೆದು, ಹತ್ತರಿಂದ ಹದಿನಾಲ್ಕು ತಿಂಗಳಿಗೆ ಚರ್ಮದ ಕೆಳಗೆ ಇಳಿದು ಬರುತ್ತದೆ. ಅಷ್ಟು ದಿನ ಒಳಗೆ ಒಂದು ಹುಳ ಓಡಾಡುತ್ತಿದೆ ಅಂತ ಅವರಿಗೆ ಗೊತ್ತೇ ಆಗಲ್ಲ.

ಈಗ ಲೆಕ್ಕ ಹಾಕಿ. ಮರಿಗೆ ಕೆಲವು ದಿನ, ಸೈಕ್ಲಾಪ್ಸ್‌ಗೆ ಕೆಲವು ವಾರ, ಮನುಷ್ಯನ ಮೈಯಲ್ಲಿ ಒಂದು ವರ್ಷ ಚಿಲ್ಲರೆ. ಹೂಳಲ್ಲಿ ಕಾದು ಕೂರೋ ಗಟ್ಟಿ ಮೊಟ್ಟೆ ಈ ಹುಳಕ್ಕೆ ಇಲ್ಲ. ಜಂತುಹುಳದ ಮೊಟ್ಟೆ ಮಣ್ಣಲ್ಲಿ ತುಂಬಾ ದಿನ ಉಳಿಯುತ್ತದೆ, ಇದು ಆ ಜಾತಿಯಲ್ಲ. ಒಂದು ಊರಲ್ಲಿ ಒಂದೆರಡು ವರ್ಷ ನಾರು ಎದ್ದ ಕಾಲು ನೀರಿಗೆ ಬೀಳದಿದ್ದರೆ ಆ ಭಾವಿಯಲ್ಲಿ ರೋಗ ಮುಗಿದ ಹಾಗೇ. ನಿಮ್ಮ ಭಾವಿಯಲ್ಲಿ ಮೂವತ್ತು ವರ್ಷ ಆಗಿದೆ. ಅಜ್ಜಿಯ ನಾರು ಅಲ್ಲಿಲ್ಲ.

ಬಟ್ಟೆಯಲ್ಲಿ ಸೋಸೋದು ಯಾಕೆ ಕೆಲಸ ಮಾಡಿತು ಅನ್ನೋದೂ ಇದರಲ್ಲೇ ಇದೆ. ಹುಳದ ಮರಿ ಬಟ್ಟೆಯಲ್ಲಿ ದಾಟಿಹೋಗುವಷ್ಟು ಸಣ್ಣದು, ಆದರೆ ಅದನ್ನು ಹೊತ್ತಿರೋ ಸೈಕ್ಲಾಪ್ಸ್ ದಾಟಲ್ಲ. ಗಾಡಿಯನ್ನೇ ತಡೆದರೆ ಒಳಗೆ ಕೂತವನೂ ನಿಂತ ಹಾಗೆ.

ಜಗತ್ತಿನಲ್ಲಿ ಪೂರ್ತಿ ಹೋಗಿದೆಯಾ ಅಂದರೆ ಇನ್ನೂ ಇಲ್ಲ, ಆದರೆ ಬಾಗಿಲ ತನಕ ಬಂದಿದೆ. 1986ರಲ್ಲಿ 20 ದೇಶಗಳಲ್ಲಿ ಸುಮಾರು 35 ಲಕ್ಷ ಜನರಿಗೆ ಇತ್ತು. 2024ರಲ್ಲಿ ಇಡೀ ಭೂಮಿಯಲ್ಲಿ ಬರೀ 15 ಜನ, ಚಾಡ್ ಮತ್ತು ದಕ್ಷಿಣ ಸುಡಾನ್ ದೇಶಗಳಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ಸಂಸ್ಥೆ 1986ರಿಂದ ಇದರ ಬೆನ್ನು ಬಿದ್ದಿತ್ತು. ಕೊನೇ ಹುಳ ತನಗಿಂತ ಮೊದಲು ಸಾಯಬೇಕು ಅನ್ನೋದು ಅವರ ಆಸೆ. 2024ರ ಡಿಸೆಂಬರ್‌ನಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು, ಹುಳ ಇನ್ನೂ ಸ್ವಲ್ಪ ಉಳಿದಿತ್ತು. ಚಾಡ್‌ನಲ್ಲಿ ಈಗಿನ ದೊಡ್ಡ ತಲೆನೋವು ನಾಯಿಗಳು. ಅಲ್ಲಿ ನಾಯಿಗಳಿಗೂ ಈ ಹುಳ ಬರುತ್ತಿದೆ. ನೀರಿಗೆ ಇಳಿಯಬೇಡ ಅಂತ ನಾಯಿಗೆ ಹೇಳೋಕಾಗುತ್ತಾ? ಕಟ್ಟಿ ಹಾಕಬೇಕು, ದಿನಾ ಮೈ ನೋಡಬೇಕು. ನಮ್ಮಲ್ಲಿ ರೋಗ ಹರಡಿದ್ದು ಮನುಷ್ಯರಿಂದಲೇ, ಅದಕ್ಕೇ ಇಲ್ಲಿ ಅಷ್ಟು ಬೇಗ ಸರಪಳಿ ತುಂಡಾಯಿತು.

ಇನ್ನೊಂದು ಮಾತು. ನಾರು ಇಲ್ಲ ಅಂದ ಮಾತ್ರಕ್ಕೆ ಆ ನೀರು ಕುಡಿಯೋಕೆ ಯೋಗ್ಯ ಅಂತ ಅಲ್ಲ. ಹೂಳು ತೆಗೆದು, ಹೊಸ ನೀರು ನಿಂತ ಮೇಲೆ ಪಂಚಾಯ್ತಿಯಿಂದಲೇ ಪರೀಕ್ಷೆಗೆ ಕಳಿಸಿ.

---

ಮಸ್ಕಿ_ಅಕ್ಕ:

ನಾನು ಇಲ್ಲಿ ಸುಮ್ನೆ ಓದಿಕೊಂಡು ಹೋಗೋಳು, ಬರೆಯೋದು ಕಮ್ಮಿ. ಆದರೆ ಇದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ.

ಲಿಂಗಸೂರು ಅಣ್ಣಾವ್ರು ಒಂದೇ ಭಾವಿ, ಒಂದೇ ಹೊಂಡ ಅಂದರು. ನಮ್ಮೂರಲ್ಲಿ ಎರಡಿದ್ದವು. ಊರವರಿಗೆ ರಾಟೆ ಭಾವಿ. ನಮ್ಮ ಕೇರಿಯವರಿಗೆ ಹೊಂಡ. ರಾಟೆ ಭಾವಿಯ ಕಟ್ಟೆ ನಾವು ಮುಟ್ಟೋ ಹಾಗಿರಲಿಲ್ಲ. ಯಾರಾದರೂ ದೊಡ್ಡ ಮನಸ್ಸು ಮಾಡಿ ಮೇಲಿನಿಂದ ನೀರು ಹೊಯ್ದರೆ ಕೊಡ ತುಂಬಿತು, ಇಲ್ಲದಿದ್ದರೆ ಹೊಂಡಕ್ಕೇ ಇಳೀಬೇಕು. ದನ ಇಳಿಯೋದೂ ಅಲ್ಲೇ, ಬಟ್ಟೆ ಒಗೆಯೋದೂ ಅಲ್ಲೇ. ನಾರು ಊರಲ್ಲಿ ಒಬ್ಬರಿಗೋ ಇಬ್ಬರಿಗೋ ಏಳುತ್ತಿತ್ತು. ನಮ್ಮ ಕೇರಿಯಲ್ಲಿ ಮನೆ ಬಿಟ್ಟು ಮನೆ. ಹುಳ ಜಾತಿ ನೋಡಿ ಬರಲಿಲ್ಲ, ನೀರು ಜಾತಿ ನೋಡಿ ಸಿಗುತ್ತಿತ್ತು.

ನಮ್ಮವ್ವನಿಗೆ ನಾರು ಎದ್ದಾಗ ನನಗೆ ಆರೋ ಏಳೋ ವರ್ಷ. ಬೆಳಗ್ಗೆ ಅವ್ವ ಹೊಸ್ತಿಲಲ್ಲಿ ಕಾಲು ಚಾಚಿ ಕೂತುಕೊಳ್ಳೋಳು. ಪಾದದ ಮೇಲೆ ಒಂದು ಮುರುಕು ಕಡ್ಡಿ, ಕಡ್ಡಿಗೆ ಸುತ್ತಿದ ಆ ಬಿಳೀ ಎಳೆ, ಶ್ಯಾವಿಗೆ ಹಾಗೆ. ನಾನು ತಂಬಿಗೆಯಿಂದ ಸಣ್ಣ ಧಾರೆ ನೀರು ಬಿಡಬೇಕು. ಅಪ್ಪ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸೋನು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡೋಳು. ಅಳಲಿಲ್ಲ. ಅಷ್ಟೇ ಆ ದಿನದ್ದು. ಕಡ್ಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಮತ್ತೆ ನಾಳೆ. ಹೀಗೆ ಮೂರು ವಾರ. ಮೂರು ವಾರ ಅವ್ವ ಕೂಲಿಗೆ ಹೋಗಲಿಲ್ಲ, ಆ ಮೂರು ವಾರ ನಾವು ಏನು ತಿಂದೆವು ಅನ್ನೋದು ನನಗೆ ನೆನಪಿಲ್ಲ, ಅವ್ವನಿಗೆ ನೆನಪಿದೆ, ಕೇಳಿದರೆ ಹೇಳಲ್ಲ.

ನಮ್ಮ ಕೇರಿಗೆ ಬೋರಿಂಗ್ ಬಂದ ದಿನ ನನಗೆ ಹಬ್ಬದ ಹಾಗೆ ನೆನಪಿದೆ. ಲಾರಿಯ ಮೇಲೆ ಆ ದೊಡ್ಡ ಯಂತ್ರ, ರಾತ್ರಿಯೆಲ್ಲಾ ಸದ್ದು, ಬೆಳಗ್ಗೆ ಹೊತ್ತಿಗೆ ಬಿಳೀ ಮಣ್ಣು ಕಲಸಿದ ನೀರು ಚಿಮ್ಮಿತು. ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲ. ಹಳ್ಳಿಹಳ್ಳಿಗೆ ಬೋರ್ ಹಾಕಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಅವರು 1988ರಲ್ಲಿ ತೀರಿಕೊಂಡಾಗ ನಮ್ಮ ಅಪ್ಪ ಊಟ ಮಾಡಲಿಲ್ಲ. ಕೈಪಂಪಿನ ಹಿಡಿಕೆ ನನಗಿಂತ ಎತ್ತರ ಇತ್ತು, ಜೋತುಬಿದ್ದು ಒತ್ತುತ್ತಿದ್ದೆ. ಅಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಆಮೇಲೆ ನಮ್ಮ ಕೇರಿಯಲ್ಲಿ ನಾರು ಏಳೋದು ನಿಂತಿತು. ಟೆಮಿಫಾಸ್ ಹೆಸರು ನಮಗೆ ಗೊತ್ತಿರಲಿಲ್ಲ, ಬೋರಿಂಗ್ ಗೊತ್ತಿತ್ತು.

ಕುಷ್ಟಗಿ ತಮ್ಮಾ, ನಿನ್ನ ಭಾವಿ ಚೆಂದ ಆಗಲಿ. ಆದರೆ ಹೂಳು ತೆಗೆದು ಬಣ್ಣ ಹಚ್ಚಿದ ಮೇಲೆ ಅದರ ಮೆಟ್ಟಿಲು ಯಾರು ಇಳೀಬಹುದು, ಯಾರು ಇಳೀಬಾರದು ಅನ್ನೋ ಮಾತು ಮತ್ತೆ ಬರದ ಹಾಗೆ ನೋಡಿಕೊಳ್ಳಿ. ಇದನ್ನು ಗ್ರಾಮಸಭೆಯಲ್ಲೇ ಬರೆಸಿ.

---

ಗಂಗಾವತಿ_ಭತ್ತ:

ನನ್ನ ಅಭಿಪ್ರಾಯ ಬೇರೆ. ಯಾಕೆ ಬೇಕು ಇದೆಲ್ಲ? ಮನೆಮನೆಗೆ ನಲ್ಲಿ ಬರುತ್ತಿದೆ, ಶುದ್ಧ ನೀರಿನ ಘಟಕ ಇದೆ. ಮುಚ್ಚಿರೋ ಭಾವಿ ಮುಚ್ಚೇ ಇರಲಿ. ಎಷ್ಟೋ ಕಷ್ಟಪಟ್ಟು ಮುಚ್ಚಿದ ಪಾವಟಿಗೆಯನ್ನು ನಾವೇ ಮತ್ತೆ ತೆಗೆಯೋದು ಸರೀನಾ? ನಾಳೆ ಘಟಕ ಕೆಟ್ಟರೆ ಜನ ಅದೇ ಭಾವಿಗೆ ಕೊಡ ಹಿಡಿದು ಹೋಗುತ್ತಾರೆ.

---

ಕುಷ್ಟಗಿ_ಹುಡುಗ:

ಅಣ್ಣಾ, ನಿಮ್ಮ ಹೆದರಿಕೆ ಅರ್ಥ ಆಗುತ್ತೆ. ಆದರೆ ನಮ್ಮೂರ ಘಟಕ ಕೆಟ್ಟು ನಿಲ್ಲೋದೇ ಜಾಸ್ತಿ. ಬೋರ್ ನೀರಿನಲ್ಲಿ ಫ್ಲೋರೈಡ್. ನಮ್ಮ ಓಣಿ ಹುಡುಗರ ಹಲ್ಲು ನೋಡಿದರೆ ಗೊತ್ತಾಗುತ್ತೆ, ಹಳದಿ ಗೆರೆ. ಭಾವಿಯಲ್ಲಿ ಮಳೆ ನೀರು ನಿಂತರೆ ಸುತ್ತಲಿನ ಬೋರ್‌ಗಳಿಗೆ ಒಳ್ಳೇದಾಗುತ್ತೆ ಅನ್ನೋದು ನಮ್ಮ ಲೆಕ್ಕ. ಕುಡಿಯೋಕೆ ಅಂತ ಯಾರೂ ಹೇಳಿಲ್ಲ.

---

ಸಿಂಧನೂರು_ಜೆಇ:

ನಾನು ಇಂಥ ಎರಡು ಭಾವಿ ಕೆಲಸ ನೋಡಿದ್ದೇನೆ, ಅದಕ್ಕೇ ಹೇಳುತ್ತೇನೆ. ಗಂಗಾವತಿಯವರ ಮಾತಲ್ಲಿ ಒಂದು ತಿರುಳಿದೆ. ಭಾವಿ ತೆಗೆಯಿರಿ, ಆದರೆ ಜನ ನೀರಲ್ಲಿ ಕಾಲಿಟ್ಟು ಕೊಡ ತುಂಬೋ ಹಾಗೆ ಬಿಡಬೇಡಿ. ಕೆಳಗಿನ ನಾಲ್ಕೈದು ಮೆಟ್ಟಿಲಿಗೆ ಕಬ್ಬಿಣದ ಗೇಟು ಹಾಕಿ. ನೀರು ಬೇಕಾದರೆ ಒಂದು ಬದಿ ಕಟ್ಟೆ ಕಟ್ಟಿ ರಾಟೆ ಇಡಿ. ಮೆಟ್ಟಿಲ ಮೇಲಿನ ಕೆತ್ತನೆ ನೋಡೋಕೆ ಮೇಲಿನ ಭಾಗ ಸಾಕು. ಬಟ್ಟೆ ಒಗೆಯೋದು, ಗಣಪತಿ ಬಿಡೋದು ಬೇಡ. ಬೇಕಾದರೆ ಪಕ್ಕದಲ್ಲಿ ಒಂದು ತೊಟ್ಟಿ ಕಟ್ಟಿಸಿ.

ಹೂಳು ತೆಗೆಯುವಾಗ ಹುಳಕ್ಕಿಂತ ದೊಡ್ಡ ಅಪಾಯ ಗಾಳಿ. ಹಳೇ ಭಾವಿಯ ತಳದಲ್ಲಿ ಕೊಳೆತ ಹೂಳು ಕೆದಕಿದರೆ ಕೆಟ್ಟ ಗಾಳಿ ಏಳುತ್ತದೆ, ಉಸಿರು ಕಟ್ಟಿ ಜನ ಸತ್ತ ಉದಾಹರಣೆ ಬೇಕಾದಷ್ಟಿವೆ. ದೀಪ ಇಳಿಸಿ ನೋಡಿದರೆ ಸಾಕು ಅನ್ನುತ್ತಾರೆ ಹಳಬರು, ಅದೊಂದನ್ನೇ ನಂಬಬೇಡಿ. ಮೊದಲು ಪಂಪ್ ಹಚ್ಚಿ ಕೊಳೆ ನೀರು ಹೊರಗೆ ಹಾಕಿ, ಎರಡು ದಿನ ಬಿಸಿಲು ಗಾಳಿ ಆಡಲಿ, ಮೇಲಿನ ಹೂಳು ಯಂತ್ರದಿಂದ ತೆಗೆಸಲು ಸಾಧ್ಯವಾ ನೋಡಿ. ಯಾರೂ ಒಬ್ಬರೇ ಇಳಿಯೋದು ಬೇಡ, ಸೊಂಟಕ್ಕೆ ಹಗ್ಗ ಇರಲಿ, ಹಗ್ಗದ ತುದಿ ಮೇಲೆ ಇನ್ನೊಬ್ಬರ ಕೈಯಲ್ಲಿರಲಿ. ಕೆಳಗಿದ್ದವರು ಕುಸಿದರೆ ಎತ್ತೋಕೆ ಅಂತ ಹಿಂದೆಯೇ ಧುಮುಕಬೇಡಿ. ಎರಡನೇ ಹೆಣ ಬೀಳೋದು ಹಾಗೇ.

---

ರಾಯಚೂರು_ಆಶಾ:

ಇಲ್ಲಿ ಹಿರಿಯರು ಇದ್ದಾರೆ ಅಂತ ಒಂದು ಕೇಳಬೇಕು ಅನ್ನಿಸಿತು. ನಾನು ಆಶಾ ಕಾರ್ಯಕರ್ತೆ. ಆನೆಕಾಲು ರೋಗದ ಮಾತ್ರೆ ಹಂಚೋಕೆ ಹೋಗಿದ್ದೇನೆ. "ನನಗೇನೂ ಆಗಿಲ್ಲ, ನಾನ್ಯಾಕೆ ನುಂಗಲಿ" ಅನ್ನೋ ಮಾತು ಬಾಗಿಲು ಬಾಗಿಲಲ್ಲೂ. ಇಸ್ಕೊಂಡು ಆಮೇಲೆ ತಗೋತೀನಿ ಅನ್ನುತ್ತಾರೆ. ಮರುದಿನ ಆ ಮಾತ್ರೆ ಚರಂಡಿಯಲ್ಲಿ ಕಾಣುತ್ತದೆ. ನಾರು ಕಾಲದಲ್ಲಿ ನೀವು ಜನರನ್ನು ಹೇಗೆ ಒಪ್ಪಿಸಿದಿರಿ ಸರ್?

---

ಲಿಂಗಸೂರು_ಹಳೇ_ಹೆಲ್ತ್‌ನವ:

ತಂಗೀ, ನಿನ್ನ ಕೆಲಸ ನನ್ನ ಕೆಲಸಕ್ಕಿಂತ ಕಷ್ಟದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ. ನಾರು ಕಣ್ಣಿಗೆ ಕಾಣುತ್ತಿತ್ತು. ಎಲ್ಲರ ಮನೆಯಲ್ಲೂ ಒಂದು ಕಡ್ಡಿ ಇತ್ತು. ಆನೆಕಾಲಿನ ಹುಳ ಮೈಯೊಳಗೆ ವರ್ಷಗಟ್ಟಲೆ ಇದ್ದರೂ ಮೇಲೆ ಏನೂ ತೋರಿಸಲ್ಲ. ಮರಿಗಳು ರಕ್ತಕ್ಕೆ ಬರೋದೂ ರಾತ್ರಿ ಹೊತ್ತು, ಅದಕ್ಕೇ ನಾವು ರಾತ್ರಿ ಎಂಟೂವರೆ ಮೇಲೆ ಬೆರಳು ಚುಚ್ಚಿ ರಕ್ತ ತೆಗೆಯೋಕೆ ಹೋಗುತ್ತಿದ್ದೆವು. ನಾಯಿ ಬೊಗಳುತ್ತಿದ್ದವು, ಜನ ಕಳ್ಳರು ಅಂದುಕೊಳ್ಳುತ್ತಿದ್ದರು. ಕಾಲು ಊದಿದ ಮೇಲೆ ಮಾತ್ರೆ ಕೊಟ್ಟರೆ ಊತ ಇಳಿಯಲ್ಲ. ಊದೋದಕ್ಕೆ ಮೊದಲೇ, ಚೆನ್ನಾಗಿರೋವಾಗಲೇ ನುಂಗಬೇಕು. ಈ ಮಾತನ್ನು ಜನರ ತಲೆಗೆ ಹೋಗಿಸೋದು ಕಷ್ಟ.

ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಊರಲ್ಲಿ ಕಾಲು ಊದಿದವರು ಒಬ್ಬರಾದರೂ ಇರುತ್ತಾರೆ. ಅವರ ಮನೆಗೆ ಮೊದಲು ಹೋಗಬೇಕು, ಮಾತ್ರೆ ಚೀಲ ಬದಿಗಿಟ್ಟು. ಅವರ ಕಾಲು ಸೋಪು ನೀರಿನಿಂದ ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿ, ಸಂದಿಯಲ್ಲಿ ಬಿರುಕಿದ್ದರೆ ಮುಲಾಮು ಹಚ್ಚಿ, ಮಲಗುವಾಗ ಕಾಲ ಕೆಳಗೆ ದಿಂಬು ಇಡೋಕೆ ತೋರಿಸಿ ಕೊಡಬೇಕು. ದಿನಾ ಹೀಗೆ ಮಾಡಿದರೆ ಪದೇ ಪದೇ ಬರೋ ಜ್ವರ, ನೋವು ಕಮ್ಮಿ ಆಗುತ್ತೆ. ನೀನು ಆ ಕಾಲು ಮುಟ್ಟಿದ್ದನ್ನು ಓಣಿ ನೋಡುತ್ತೆ. ಅವರೇ ನಾಳೆ ನಿನ್ನ ಜೊತೆ ಬಂದು ಕಟ್ಟೆ ಮೇಲೆ ಕೂತು "ನನ್ನ ಹಂಗ ಆಗಬ್ಯಾಡ್ರಿ, ನುಂಗ್ರಿ" ಅನ್ನುತ್ತಾರೆ. ಆ ಒಂದು ಮಾತಿಗೆ ಇರೋ ತೂಕ ನಮ್ಮ ಭಾಷಣಕ್ಕೆ ಇಲ್ಲ.

ಮಾತ್ರೆ ಕೈಗೆ ಕೊಟ್ಟು ಬರಬೇಡ. ಊಟ ಆಯಿತಾ ಕೇಳು, ಆಗಿಲ್ಲದಿದ್ದರೆ ಊಟ ಆದ ಮೇಲೆ ಮತ್ತೆ ಹೋಗು, ನಿನ್ನೆದುರಿಗೇ ನುಂಗಿಸು. ಎರಡು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ತುಂಬಾ ಕಾಯಿಲೆ ಇರೋರಿಗೆ ಬೇಡ ಅನ್ನೋದು ನಿನಗೆ ಗೊತ್ತೇ ಇದೆ. ಕೆಲವರಿಗೆ ರಾತ್ರಿ ಜ್ವರ, ತಲೆನೋವು, ವಾಂತಿ ಬರಬಹುದು ಅನ್ನೋದನ್ನು ಮುಂಚೆಯೇ ಹೇಳು, ಮುಚ್ಚಿಡಬೇಡ. ರಕ್ತದಲ್ಲಿ ಮರಿಗಳು ಇದ್ದವರಿಗೇ ಅದು ಜಾಸ್ತಿ, ಮರಿಗಳು ಸಾಯೋದ್ರಿಂದ ಹಾಗಾಗುತ್ತೆ. ಮುಂಚೆ ಹೇಳಿದ್ದರೆ ಜ್ವರ ಬಂದವನೇ ಮುಂದಿನ ವರ್ಷ ಮೊದಲು ಕೈ ಚಾಚುತ್ತಾನೆ. ಹೇಳದಿದ್ದರೆ ಇಡೀ ಓಣಿ ಬಾಗಿಲು ಹಾಕಿಕೊಳ್ಳುತ್ತೆ.

---

ಬಳ್ಳಾರಿ_ಸೂಕ್ಷ್ಮದರ್ಶಕ:

ಅಕ್ಕಾ, ಒಂದು ಸಣ್ಣ ವಿಷಯ ಸೇರಿಸುತ್ತೇನೆ, ಜನರಿಗೆ ಹೇಳೋಕೆ ಬರುತ್ತೆ. ನೀವು ಹಂಚೋ ಡಿಇಸಿ ಮಾತ್ರೆ ಎಲ್ಲಿಂದಲೋ ಬಂದ ಹೊಸ ಪ್ರಯೋಗ ಅಲ್ಲ. ಅದನ್ನು 1940ರ ದಶಕದಲ್ಲಿ ಅಮೆರಿಕದ ಒಂದು ಕಂಪನಿಯಲ್ಲಿ ಸಿದ್ಧ ಮಾಡಿದ ತಂಡದ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್, 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ರಾಯಚೂರಿನಲ್ಲಿ ತೆಲುಗು ಮನೆಗಳಿಗೆ ಕಮ್ಮಿ ಇಲ್ಲವಲ್ಲ, ಈ ಹೆಸರು ಹೇಳಿ ನೋಡಿ. ಈಗ ಡಿಇಸಿ, ಆಲ್ಬೆಂಡಜೋಲ್ ಜೊತೆ ಐವರ್ಮೆಕ್ಟಿನ್ ಸೇರಿಸಿ ಮೂರು ಮಾತ್ರೆ ಕೊಡೋ ಕ್ರಮವೂ ಬಂದಿದೆ. ಅದನ್ನು ಶುರು ಮಾಡಲು ದೇಶದಲ್ಲಿ ಮೊದಲು ಆರಿಸಿದ ಐದು ಜಿಲ್ಲೆಗಳಲ್ಲಿ ನಿಮ್ಮ ಪಕ್ಕದ ಯಾದಗಿರಿಯೂ ಒಂದು. ಶ್ರೀಲಂಕಾ 2016ರಲ್ಲಿ, ಬಾಂಗ್ಲಾದೇಶ 2023ರಲ್ಲಿ ಆನೆಕಾಲಿನಿಂದ ಪಾರಾದವು. ನಮ್ಮ ದೇಶ ಇಟ್ಟುಕೊಂಡ ಗಡುವು 2027.

ಆನೆಕಾಲು ಹರಡೋ ಸೊಳ್ಳೆ ಹುಟ್ಟೋದು ಕೊಳಚೆ ನೀರಲ್ಲಿ. ಮಾತ್ರೆ ಬಿದ್ದಿತ್ತು ಅಂದಿರಲ್ಲ ಚರಂಡಿ, ಅದರ ಬಗ್ಗೆ ಪಂಚಾಯ್ತಿಗೆ ಒಂದು ಅರ್ಜಿ ಕೊಡಿ.

---

ಕುಷ್ಟಗಿ_ಹುಡುಗ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ರಾತ್ರಿ ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಮಸ್ಕಿ ಅಕ್ಕನ ಬರಹ ಓದುವಾಗ "ಇನ್ನೊಮ್ಮೆ ಓದು" ಅಂದಳು. ಮತ್ತೆ ಓದಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ನಮ್ಮ ಭಾವಿಗೂ ಕೇರಿಯವರು ಬರೋ ಹಾಗಿರಲಿಲ್ಲ ಅಂತ ತಾನಾಗೇ ಹೇಳಿದಳು. ಅವರು ಎಲ್ಲಿಂದ ನೀರು ತರುತ್ತಿದ್ದರು ಅಂತ ಕೇಳಿದೆ. ಹಳ್ಳದಲ್ಲಿ ಒರತೆ ತೋಡ್ತಿದ್ದರು ಅಂದಳು.

ಕೆಲಸ ಮಾಡುತ್ತಿದ್ದೇವೆ. ಪಿಡಿಒ ಅವರಿಗೆ ಗೇಟು, ರಾಟೆ, ನೀರಿನ ಪರೀಕ್ಷೆ ಮೂರನ್ನೂ ಬರೆದು ಕೊಟ್ಟಿದ್ದೇನೆ. ಎಲ್ಲಾ ಓಣಿಯವರಿಗೂ ಭಾವಿ ಒಂದೇ ಅನ್ನೋ ಸಾಲನ್ನು ಠರಾವಿನಲ್ಲಿ ಸೇರಿಸಬೇಕು ಅಂತ ಕೇಳಿದ್ದೇನೆ. ಮೊದಲು ನೀರು ಹೊರಹಾಕೋಕೆ ಪಂಪ್ ಸಿಕ್ಕಿದೆ. ಹಿಂದೆ ಸರಿದಿದ್ದ ಇಬ್ಬರಲ್ಲಿ ಒಬ್ಬರು ಬರುತ್ತೇನೆ ಅಂದಿದ್ದಾರೆ.

ಅಜ್ಜಿ ಒಂದು ಕೇಳಿದಳು. ಭಾವಿಯ ಗೂಡಲ್ಲಿ ದೀಪ ಇಡೋಕೆ ತಾನೂ ಬರಬೇಕಂತೆ, ಮೇಲಿನ ಮೆಟ್ಟಿಲ ತನಕ ಮಾತ್ರ, ನೀರಿಗೆ ಕಾಲಿಡಲ್ಲ ಅಂದಳು. ಗೂಡು ಎಡಗಡೆ ಏಳನೇ ಮೆಟ್ಟಿಲ ಹತ್ತಿರ ಇದೆಯಂತೆ. ಮುಳ್ಳು ಕಡಿಸಿದ ಮೇಲೆ ಎಣಿಸಿ ನೋಡುತ್ತೇನೆ.